ಥೆಲ್ಮಾ ಮತ್ತು ಎರಡು ಮೈಲಿ ಕಲ್ಲುದಂಡೆ

ಥೆಲ್ಮಾ ರಡ್ಕಿನ್‌ಳನ್ನು ಎಲ್ಲಿಗಾದರೂ ಕಳಿಸಬೇಕಿದ್ದರೆ ‘ಅಲ್ಲಿಗೆ ಹೋಗಬೇಡ’ ಎಂದರೆ ಸಾಕು ಎಂದು ಅವಳ ಗಂಡ ವಿಲ್ಫ್ ಹೇಳುತ್ತಿದ್ದ. ವಿಲ್ಫ್ ತೀರಿಹೋಗಿ ಬಹಳ ವರ್ಷವಾಯಿತು. ಆ ಮಾತಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ನಾವಿಬ್ಬರೂ ಒಂದೇ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವರು. ಲೆಸ್ಟರ್ ಪಕ್ಕದ ನಮ್ಮ ಸಣ್ಣ ಊರು ಆಗ ಊರಿಗೆ ಊರೇ ಕಾಲುಚೀಲ ಹೆಣೆಯುತ್ತಿತ್ತು. ಅವಳು ಕಾಲುಚೀಲದ ಬೆರಳ ತುದಿ ಹೊಲಿಯುವ ಯಂತ್ರದ ಮುಂದೆ, ನಾನು ಜೋಡಿ ಮಾಡಿ ಕಟ್ಟು ಕಟ್ಟುವ ಮೇಜಿನ ಮುಂದೆ. ನಡುವೆ ಒಂದು ಕಿಟಕಿ, ಆಚೆ ಅಂಗಳ, ಅಂಗಳದ ಮೂಲೆಯಲ್ಲಿ ಕೆಂಪು ಹಣ್ಣು ಬಿಡುವ ಒಂದು ಬಡಕಲು ಮರ. ಒಂದು ಜನವರಿಯಲ್ಲಿ ಆ ಮರಕ್ಕೆ ಜುಟ್ಟಿನ ಹಕ್ಕಿಗಳ ಹಿಂಡು ಬಂದಿಳಿಯಿತು. ನಾರ್ವೆ ಕಡೆ ಹಣ್ಣು ಸಾಲದ ವರ್ಷ ಮಾತ್ರ ನಮ್ಮತ್ತ ಮುಖ ಮಾಡುವ ಹಕ್ಕಿಗಳು, ರೆಕ್ಕೆಗೆ ಕೆಂಪು ಅರಗು ತೊಟ್ಟಿಕ್ಕಿದ ಹಾಗಿರುತ್ತವೆ. ಥೆಲ್ಮಾ ಯಂತ್ರವನ್ನು ಓಡುತ್ತಿದ್ದ ಹಾಗೇ ಬಿಟ್ಟು ಹೊರಗೆ ಹೋಗಿ ನಿಂತಳು. ಮೇಸ್ತ್ರಿ ಗ್ಯಾಡ್ಸ್‌ಬಿ ಬೆನ್ನ ಹಿಂದೆಯೇ ಓಡಿಬಂದ.

“ಯಾರ ಅಪ್ಪಣೆ ತಗೊಂಡು ಹೊರಗೆ ಬಂದೆ?”

“ಇವು ಯಾರ ಅಪ್ಪಣೆ ತಗೊಂಡು ಬಂದ್ವು ಅಂತ ಮೊದಲು ಕೇಳಿ. ಆಮೇಲೆ ನನ್ನ ಸರದಿ.”

ಅವನು ಅವಳನ್ನು ಆ ದಿನಕ್ಕೆ ಮನೆಗೆ ಅಟ್ಟಿದ. ಅವಳು ಮನೆಗೆ ಹೋಗಲಿಲ್ಲ. ಎದುರಿನ ಗೋಡೆಯ ಮೇಲೆ, ಅವನಿಗೆ ಕಾಣುವ ಹಾಗೆ, ಕತ್ತಲಾಗುವವರೆಗೆ ಕೂತು ಹಕ್ಕಿ ನೋಡಿದಳು. ಮುಂದಿನ ವಾರ ಊರಿನ ಪಕ್ಷಿವೀಕ್ಷಕರ ಸಂಘಕ್ಕೆ ಸೇರಿದಳು, ನನ್ನನ್ನೂ ಎಳೆದುಕೊಂಡು ಹೋದಳು. ಸಂಘದಲ್ಲಿ ಆಗ ಗಂಡಸರದೇ ದರ್ಬಾರು, ಹೆಂಗಸರೆಂದರೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುವವರು. ಥೆಲ್ಮಾ ಒಂದು ದಿನವೂ ಬಗ್ಗಿಸಲಿಲ್ಲ. ನನಗೆ ಹಕ್ಕಿಗಿಂತ ಬಸ್ಸಿನಲ್ಲಿ ತಿನ್ನುವ ಹಂದಿಮಾಂಸದ ಪೈ ಮೇಲೆಯೇ ಪ್ರೀತಿ. ಅದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ.

ನಮ್ಮ ಕಡೆ ಅಂಗಡಿಯವನಿಂದ ಪೊಲೀಸಿನವನವರೆಗೆ ಎಲ್ಲರೂ ಎಲ್ಲರನ್ನೂ ‘ಡಕ್’ ಎಂದೇ ಕರೆಯುವುದು. ಲಂಡನ್ನಿನಿಂದ ಬಂದ ಹೊಸ ಸದಸ್ಯನೊಬ್ಬನಿಗೆ ಥೆಲ್ಮಾ “ಸ್ವಲ್ಪ ಸರಿ, ಡಕ್” ಅಂದಾಗ ಅವನು ದುರ್ಬೀನು ಎತ್ತಿ ಎಲ್ಲಿ, ಎಲ್ಲಿ ಅಂದಿದ್ದ. ಬಾತುಕೋಳಿ ಹುಡುಕಿದ ಆ ಮಹಾರಾಯ ಮತ್ತೆ ಬರಲಿಲ್ಲ.

ಸಂಘದ ವರ್ಷದ ದೊಡ್ಡ ಕೆಲಸವೆಂದರೆ ಜನವರಿಯ ನಾರ್‌ಫೋಕ್ ಪ್ರವಾಸ. ನಸುಕಿನಲ್ಲಿ ಬಸ್ಸು ಹತ್ತಿದರೆ ಬೀಟ್‌ಗಡ್ಡೆಯ ಹೊಲಗಳನ್ನು ದಾಟಿ ಕಡಲು ಸಿಗುವ ಹೊತ್ತಿಗೆ ಬೆಳಕು ಸರಿಯಾಗಿ ಬಿಟ್ಟಿರುತ್ತದೆ. ಬಸ್ಸು ನಿಲ್ಲುವ ಜಾಗದಿಂದ ಕಡಲಿನೊಳಕ್ಕೆ ಚಾಚಿದ ಕಲ್ಲುದಂಡೆ ಎರಡು ಮೈಲಿ. ಹೆಜ್ಜೆ ಇಟ್ಟಲ್ಲೆಲ್ಲ ಜಾರುವ ಗುಂಡುಕಲ್ಲು. ಅದರ ತುದಿಗೆ ನಾವು ‘ಮೂತಿ’ ಅನ್ನುತ್ತೇವೆ. ಹಗಲೆಲ್ಲ ಹೊಲದಲ್ಲಿ ಮೇದ ಹೆಬ್ಬಾತುಗಳು ಸಂಜೆ ಮರಳುದಿನ್ನೆಗಳಲ್ಲಿ ರಾತ್ರಿ ಕಳೆಯಲು ಹಾರಿಬರುವುದು ಮೂತಿಯ ಮೇಲೆಯೇ. ಒಂದಲ್ಲ ಎರಡಲ್ಲ, ಆಕಾಶ ಮುಚ್ಚುವಷ್ಟು. ಅದನ್ನು ನೋಡಿ ಟಾರ್ಚ್ ಹಿಡಿದು ವಾಪಸ್ಸು ನಡೆದು ಬಸ್ಸು ಹತ್ತುವುದು. ದಾರಿಯಲ್ಲಿ ಹಕ್ಕಿಗಳ ಹಾಜರಿ. ಅಧ್ಯಕ್ಷ ಒಂದೊಂದೇ ಹಕ್ಕಿಯ ಹೆಸರು ಕೂಗುತ್ತಾನೆ, ನೋಡಿದವರು “ನೋಡಿದೆ” ಅನ್ನಬೇಕು. ಕಾಡು ಹಕ್ಕಿಗೆ ಮಾತ್ರ ಹಾಜರಿ. ಯಾರದೋ ತೋಟದ ಕೊಳದಿಂದ ತಪ್ಪಿಸಿಕೊಂಡು ಬಂದ ಸಾಕುಹಕ್ಕಿ ಎಷ್ಟೇ ಚೆಂದವಿರಲಿ, ಅದು ಹಕ್ಕಿಯೇ ಅಲ್ಲವೆಂಬಂತೆ ಮುಂದೆ ಹೋಗುತ್ತಾರೆ. ನಮ್ಮಲ್ಲಿ ಮಡಿ ಮೈಲಿಗೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಅವರನ್ನು ಆ ಬಸ್ಸು ಹತ್ತಿಸುತ್ತೇನೆ.

ಎಪ್ಪತ್ತು ದಾಟಿದ ಮೇಲೆ ಥೆಲ್ಮಾಗೆ ಪಾರ್ಕಿನ್ಸನ್ ಬಂತು. ಮೊದಲು ಕೈ ನಡುಗಿತು, ದುರ್ಬೀನು ಹಿಡಿದರೆ ಹಕ್ಕಿ ಕುಣಿಯತೊಡಗಿತು. ಅವಳು ದುರ್ಬೀನು ನನ್ನ ಕೊರಳಿಗೆ ಹಾಕಿ, ಮುಕ್ಕಾಲಿಯ ಮೇಲೆ ನಿಲ್ಲಿಸುವ ಟೆಲಿಸ್ಕೋಪು ತಂದಳು. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕಣ್ಣು ಮಾತ್ರ ಗಾಜಿಗೆ ಕೊಡುವಳು. ಆಮೇಲೆ ಕಾಲು ಹಟ ಹಿಡಿಯತೊಡಗಿತು. ನಡೆಯುತ್ತ ನಡೆಯುತ್ತ ಪಾದ ನೆಲಕ್ಕೆ ಅಂಟಿಕೊಂಡುಬಿಡುವುದು. ಮುಂದೆ ಅಡ್ಡಲಾಗಿ ಒಂದು ಕೋಲು ಹಿಡಿದರೆ, ವಿಚಿತ್ರ ನೋಡಿ, ಅದನ್ನು ದಾಟಲು ಕಾಲು ಎದ್ದುಬಿಡುತ್ತದೆ.

“ಅಡ್ಡ ಬಂದ್ರೇನೇ ನನ್ನ ಕಾಲು ಏಳೋದು, ಐರಿಸ್,” ಅಂದಳು ಒಮ್ಮೆ. “ಹುಟ್ಟುಗುಣ.”

ಹಾಗಿದ್ದೂ ಮೂತಿಗೆ ಬಂದಳು. ವಾಪಸ್ಸು ಬರುವಾಗ ಕತ್ತಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಗಂಡಸರು ಕೋಟುಗಳನ್ನು ಮುಕ್ಕಾಲಿಗಳಿಗೆ ಕಟ್ಟಿ ಡೋಲಿ ಮಾಡಿ ಹೊತ್ತು ತಂದರು. ಮುಂದೆ ಹೆಗಲು ಕೊಟ್ಟವನು ಕ್ಲೈವ್ ಆರ್ಟನ್. ನಮ್ಮ ಸಂಘದ ಅಧ್ಯಕ್ಷ, ವಿಮಾ ಕಂಪನಿಯಲ್ಲಿ ಜೀವಮಾನವಿಡೀ ಬೇರೆಯವರ ಅಪಘಾತ ಅಳೆದು ನಿವೃತ್ತನಾದವನು. ಕೊರಳಲ್ಲಿ ದುರ್ಬೀನಿನ ಜೊತೆಗೊಂದು ಸೀಟಿ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಯ್ಯಲು ನನಗೆ ಸಲೀಸಾಗುತ್ತಿತ್ತು. ಆ ಕತ್ತಲು ಅವನ ಎದೆಯೊಳಗೆ ಹೊಕ್ಕಿತ್ತು, ಹೊರಗೆ ಬರಲೇ ಇಲ್ಲ.

ಮರುವರ್ಷ ಜನವರಿಯಲ್ಲಿ ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಅವನು ಎದ್ದು ನಿಂತ.

“ಮುಂದಿನ ತಿಂಗಳ ಸಭೇಲಿ ಒಂದು ನಿಯಮ ತರ್ತಿದೀನಿ. ಮೂತಿವರೆಗೆ ಎರಡು ಮೈಲಿ ನಡೆಯೋಕಾಗದವರನ್ನ ಇನ್ನು ಮೇಲೆ ಕಡಲ ಪ್ರವಾಸಕ್ಕೆ ಕರ್ಕೊಂಡು ಬರೋ ಹಾಗಿಲ್ಲ. ಯಾರನ್ನೂ ಮನಸ್ಸಲ್ಲಿಟ್ಕೊಂಡು ಹೇಳ್ತಿಲ್ಲ.”

ಬಸ್ಸಿಗೆ ಬಸ್ಸೇ ಥೆಲ್ಮಾಳ ತಲೆಯ ಹಿಂಭಾಗ ನೋಡಿತು.

“ನನ್ನನ್ನ ಮನಸ್ಸಲ್ಲಿಟ್ಕೊಂಡೇ ಹೇಳು, ಕ್ಲೈವ್,” ಅಂದಳು ಅವಳು ತಿರುಗದೆ. “ಅಲ್ಲಾದ್ರೂ ಒಂದು ಸೀಟು ಸಿಗ್ಲಿ.”

“ಥೆಲ್ಮಾ, ಕಳೆದ ಸಲ ಏನಾಯ್ತು ಅಂತ ನಿಂಗೊತ್ತು.”

“ಗೊತ್ತು. ಮುರಿದಿದ್ದು ನನ್ನ ಕೈ.”

“ಇವತ್ತು ದಯವಿಟ್ಟು ಚಹಾದಂಗಡೀಲಿ ಕೂತ್ಕೋ. ದೊಡ್ಡ ಕಿಟಕಿ ಇದೆ, ಬೆಚ್ಚಗಿರುತ್ತೆ.”

“ಕಿಟಕಿ ಹಿಂದೆ ಮೂವತ್ತು ವರ್ಷ ಕೂತಿದೀನಿ, ಡಕ್.”

ತೀರ ತಲುಪಿ ಜೌಗು ಸುತ್ತಿದ ಮೇಲೆ, ಮಧ್ಯಾಹ್ನ ಕ್ಲೈವ್ ಸೀಟಿ ಊದಿದ, ಮಂದಿ ದಂಡೆ ಹಿಡಿದು ಹೊರಟರು. ನನ್ನ ಮಂಡಿ ನೋಯುತ್ತಿತ್ತು, ನಾನು ಉಳಿದೆ. ಚಾಲಕ ಹರ್ಷದ್ ಬಸ್ಸಿನ ಹೊಟ್ಟೆಯಿಂದ ಥೆಲ್ಮಾಳ ಮಡಿಸುವ ಸ್ಟೂಲು ತೆಗೆದು, ನಿಲ್ದಾಣದ ಪಕ್ಕದ ತಗ್ಗು ಗೋಡೆಯ ಮರೆಯಲ್ಲಿ ಹಾಕಿಕೊಟ್ಟ. ಲೆಸ್ಟರಿನವನು, ವರ್ಷಗಳಿಂದ ನಮ್ಮ ಬಸ್ಸು ಓಡಿಸುತ್ತಿದ್ದಾನೆ. ಅವನ ಪಾಲಿಗೆ ಹಕ್ಕಿಯಲ್ಲಿ ಎರಡೇ ಬಗೆ, ಗಾಜಿನ ಮೇಲೆ ಹೇಲುವುದು, ಹೇಲದಿರುವುದು. ಥೆಲ್ಮಾಳನ್ನು ಥೆಲ್ಮಾಬೆನ್ ಎಂದು ಅಕ್ಕನನ್ನು ಕರೆದ ಹಾಗೆ ಕರೆಯುತ್ತಾನೆ. ಅವನ ಹೆಂಡತಿ ಕಟ್ಟಿಕೊಟ್ಟ ಮೆಂತ್ಯದ ರೊಟ್ಟಿ, ತೇಪ್ಲಾದಲ್ಲಿ ಅರ್ಧ ಇವಳಿಗೇ ಹೋಗುತ್ತದೆ.

“ಥೆಲ್ಮಾಬೆನ್, ಒಳಗೆ ಹೀಟರ್ ಹಾಕ್ತೀನಿ. ಬನ್ನಿ.”

“ಹೀಟರ್ ನಿನಗಿರ್ಲಿ. ಉಪ್ಪಿನಕಾಯಿ ತಂದಿದೀಯಾ?”

ತಂದಿದ್ದ. ಗಾಳಿ ಕಿವಿ ಕತ್ತರಿಸುತ್ತಿತ್ತು. ಮೂಗಿನಿಂದ ನೀರು ಇಳಿಸಿಕೊಂಡು ಮೂವರೂ ತೇಪ್ಲಾ ತಿಂದೆವು. ಎದುರಿನ ಹುಲ್ಲುಗಾವಲಿಗೆ ಕಪ್ಪು ಹೆಬ್ಬಾತುಗಳ ದೊಡ್ಡ ಹಿಂಡು ಬಂದು ಇಳಿದಿತ್ತು. ಸೈಬೀರಿಯಾದಿಂದ ಪ್ರತಿ ಚಳಿಗಾಲ ಬರುವ ಇವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ, ಅಷ್ಟು ಮಾಮೂಲು. ಥೆಲ್ಮಾ ಕೈ ತೊಡೆಯಡಿ ಒತ್ತಿಕೊಂಡು ಒಂದೊಂದನ್ನೇ ನೋಡುತ್ತ ಹೋದಳು. ಬೇರೆ ಕೆಲಸವೇನಿತ್ತು ಅವಳಿಗೆ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಅಂದಳು, “ಐರಿಸ್, ನಿನ್ನ ಪೈ ಕೆಳಗಿಟ್ಟು ಇಲ್ಲಿ ನೋಡು.”

ನೋಡಿದೆ. ಕಪ್ಪು ಹಕ್ಕಿಗಳ ನಡುವೆ ಒಂದು. ಎದೆ ಸುಟ್ಟ ಇಟ್ಟಿಗೆಯ ಕೆಂಪು, ಸುತ್ತ ಬಿಳಿ ಗೆರೆ. ಕೆಂಪೆದೆಯ ಹೆಬ್ಬಾತು. ದೂರದ ಕಪ್ಪು ಸಮುದ್ರದ ಕಡೆ ಹೋಗಬೇಕಾದದ್ದು ಯಾವಾಗಲಾದರೊಮ್ಮೆ ದಾರಿ ತಪ್ಪಿ ನಮ್ಮ ತೀರಕ್ಕೆ ಬರುತ್ತದೆ. ನಮ್ಮ ಸಂಘದ ಬಸ್ಸಿನಲ್ಲಿ ಹೋದವರು ಯಾರೂ ಅದನ್ನು ಕಂಡಿರಲಿಲ್ಲ. ನನ್ನಂಥ ಪೈ ಭಕ್ತೆಗೂ ಮೈ ಜುಮ್ಮೆಂದಿತು.

ಕ್ಲೈವ್‌ಗೆ ಫೋನ್ ಮಾಡಿದವಳು ನಾನೇ. ಆಮೇಲಿನದ್ದು ನೀವು ನೋಡಬೇಕಿತ್ತು. ಎರಡು ಮೈಲಿ ನಡೆದು ಹೋಗಿದ್ದ ಅಷ್ಟೂ ಮಂದಿ, ಮುಕ್ಕಾಲಿಗಳನ್ನು ಹೆಗಲ ಮೇಲೆ ಹಾಕಿಕೊಂಡು, ಏದುಸಿರು ಬಿಡುತ್ತ, ಜಾರುತ್ತ, ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಓಡಿಬಂದರು. ಅವತ್ತು ಯಾರ ಕಾಲು ಮುರಿದರೂ ಯಾವ ನಿಯಮವೂ ನೆನಪಾಗುತ್ತಿರಲಿಲ್ಲ. ಸಾಲಾಗಿ ನಿಂತು ನೋಡಿದರು. ಒಬ್ಬಾಕೆ ಅತ್ತಳು. ಗಂಡಸರು ಬಂದು ಥೆಲ್ಮಾಳ ಭುಜ ತಟ್ಟಿದರು. ಕ್ಲೈವ್ ಅವಳ ಎದುರು ಮಂಡಿಯೂರಿ ನಡುಗುವ ಎರಡೂ ಕೈ ಹಿಡಿದುಕೊಂಡ.

“ನಿಯಮ ಗಿಯಮ ಎಲ್ಲ ಮರೆತುಬಿಡು, ಥೆಲ್ಮಾ. ನೀನಿರೋವರೆಗೆ ಈ ಬಸ್ಸಲ್ಲಿ ಮುಂದಿನ ಸೀಟು ನಿಂದು. ಸಭೇಲಿ ನಾನೇ ಹೇಳ್ತೀನಿ.”

ಅವಳ ಮುಖ ಅರಳಿದ್ದು ಸುಳ್ಳಲ್ಲ. ಆ ಸೀಟಿಗಾಗಿ ಅವಳು ಒಳಗೊಳಗೇ ಎಷ್ಟು ಹೆದರಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಆ ಪ್ರವಾಸ ಹೋದರೆ ಅವಳಿಗೆ ಉಳಿಯುವುದು ಹಿತ್ತಿಲಿನ ಪಾರಿವಾಳ, ಟಿವಿ, ಮಾತ್ರೆ ನೆನಪಿಸಲು ಬರುವ ಹುಡುಗಿ.

ಸಂಭ್ರಮಕ್ಕೆ ಎಲ್ಲರೂ ಚಹಾದಂಗಡಿಗೆ ನುಗ್ಗಿದರು. ಥೆಲ್ಮಾ ಏಳಲಿಲ್ಲ. ಹೊತ್ತು ಇಳಿಯುತ್ತಿತ್ತು. ಹಿಂಡು ಮೇಯುತ್ತ ಮೇಯುತ್ತ ಎತ್ತರದ ಹುಲ್ಲಿನಿಂದ ಬೋಳು ನೆಲಕ್ಕೆ ಬಂತು. ಥೆಲ್ಮಾ ನೋಡುತ್ತಲೇ ಇದ್ದಳು. ಆಮೇಲೆ ಕಣ್ಣು ತೆಗೆದು ಸುಮ್ಮನೆ ಕಡಲ ಕಡೆ ತಿರುಗಿದಳು.

“ಎಡಗಾಲು ನೋಡು,” ಅಂದಳು.

ಕರಿಯ ಕಾಲಿನಲ್ಲಿ ಹಳದಿ ಪ್ಲಾಸ್ಟಿಕ್ಕಿನ ಬಳೆ. ಅಂಕಿ ಇಲ್ಲ, ಅಕ್ಷರ ಇಲ್ಲ. ಸಂಶೋಧಕರು ಹಾಕುವುದಲ್ಲ, ಕೊಳದಲ್ಲಿ ಅಲಂಕಾರಕ್ಕೆ ಸಾಕುವವರು ಹಾಕುವುದು. ಯಾರೋ ಸಾಹುಕಾರನ ತೋಟದಿಂದ ತಪ್ಪಿಸಿಕೊಂಡು ಬಂದದ್ದು. ಹಾಜರಿಗೆ ಸಲ್ಲದ ಹಕ್ಕಿ.

“ನನಗೇನೂ ಕಾಣ್ಲಿಲ್ಲ,” ಅಂದೆ.

“ಐರಿಸ್.”

“ಬೆಳಕು ಸಾಲ್ದು. ಇನ್ನೊಂದು ಗಳಿಗೇಲಿ ಅವು ಎದ್ದು ಹೋಗ್ತಾವೆ. ಹುಲ್ಲಲ್ಲಿದ್ದಾಗ ಯಾರಿಗೂ ಕಾಲು ಕಂಡಿಲ್ಲ. ನಿನ್ನ ಸೀಟು ನಿನಗೆ ಸಿಕ್ಕಿದೆ, ಬಾಯಿ ಮುಚ್ಕೊಂಡು ಕೂತ್ಕೋ.”

“ಹಕ್ಕಿ ತೋರಿಸಿ ಸೀಟು ಇಸ್ಕೋಬೇಕಾ ನಾನು? ನಾಳೆ ಇನ್ನೊಂದು ತೋರ್ಸು ಅಂತಾರೆ.”

ನಾನು ಈಗಲೂ ಹೇಳುತ್ತೇನೆ, ಅವಳು ಸುಮ್ಮನಿರಬಹುದಿತ್ತು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಅವಳಿಗೆ ಕೋಲು ಮುರಿಯದೆ ನಿದ್ದೆ ಬರುವುದಿಲ್ಲ.

ವಾಪಸ್ಸು ಹೊರಟ ಬಸ್ಸಿನಲ್ಲಿ ಹಾಜರಿ ಶುರುವಾಯಿತು. ಕ್ಲೈವ್ ಒಂದೊಂದೇ ಹೆಸರು ಕೂಗುತ್ತ ಬಂದು, ಹೆಬ್ಬಾತುಗಳ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡ. “ಕೆಂಪೆದೆಯ ಹೆಬ್ಬಾತು,” ಅಂದ. ಬಸ್ಸು ಹಾರಿಹೋಗುವ ಹಾಗೆ ಎಲ್ಲರೂ “ನೋಡಿದೆ” ಅಂದರು. ಹಿಂದಿನವರು ಚಪ್ಪಾಳೆ ತಟ್ಟಿದರು. ಥೆಲ್ಮಾ ಮುಂದಿನ ಕಂಬಿ ಹಿಡಿದು ಎದ್ದು ನಿಂತಳು.

“ಅದರ ಎಡಗಾಲಲ್ಲಿ ಬಳೆ ಇತ್ತು. ಹಳದೀದು. ಸಾಕಿದವರದು.”

ಚಪ್ಪಾಳೆ ಅರ್ಧಕ್ಕೆ ನಿಂತಿತು.

“ಖಾತ್ರಿನಾ?” ಅಂದ ಕ್ಲೈವ್.

“ನಾನು ನೋಡ್ದೆ. ಐರಿಸೂ ನೋಡಿದಾಳೆ, ಒಪ್ಪಲ್ಲ ಅಷ್ಟೇ.”

ಮಧ್ಯಾಹ್ನ ಅತ್ತಿದ್ದಾಕೆ ಕಿಟಕಿ ಕಡೆ ತಿರುಗಿದಳು. “ಹೇಳದೇ ಇರಬಹುದಿತ್ತಲ್ಲ,” ಎಂದು ಯಾರೋ ಗೊಣಗಿದರು. ಅದೇ ಹಕ್ಕಿ, ಅದೇ ಕೆಂಪು ಎದೆ. ಮಧ್ಯಾಹ್ನ ಕಣ್ಣೀರು ತರಿಸಿದ್ದು ಸಂಜೆಗೆ ಕಸವಾಗಿತ್ತು. ನನಗೆ ಆ ಬಸ್ಸಿನಲ್ಲಿದ್ದ ಪ್ರತಿಯೊಬ್ಬರ ಮೇಲೂ ಸಿಟ್ಟು ಬಂತು.

“ಹಾಗಾದ್ರೆ ಬಿಟ್ಟುಬಿಡೋದೇ,” ಅಂದ ಕ್ಲೈವ್ ಸಣ್ಣ ದನಿಯಲ್ಲಿ. “ಮುಂದಿಂದು, ಟಿಟ್ಟಿಭ.”

“ನೀನು ಬಿಡು. ನಾನು ಬಿಡಲ್ಲ.” ಕಂಬಿ ಹಿಡಿದ ಕೈ ನಡುಗುತ್ತಿತ್ತು, ಮಾತು ನಡುಗಲಿಲ್ಲ. “ಯಾವನೋ ಅದರ ಕಾಲಿಗೆ ಬಳೆ ಹಾಕಿ ಕೊಳದಲ್ಲಿ ಬಿಟ್ಟಿದ್ದ. ಅದು ಬೇಲಿ ಹಾರಿ ಇಷ್ಟು ದೂರ ಬಂದಿದೆ. ಅಷ್ಟೊಂದು ಕಾಡುಹಕ್ಕಿ ಅದನ್ನ ಜೊತೆಗೆ ಸೇರಿಸ್ಕೊಂಡು ಮೇಯ್ತಿವೆ. ಅವಕ್ಕಿಲ್ಲದ ತಕರಾರು ನಿಮಗ್ಯಾಕೆ? ಹಾಜರಿ ಕೂಗು, ಕ್ಲೈವ್. ನಾನು ನೋಡಿದೆ ಅಂತೀನಿ.”

“ಅದು ಲೆಕ್ಕಕ್ಕೆ ಬರಲ್ಲ, ಥೆಲ್ಮಾ.”

“ಲೆಕ್ಕ ಮಾಡು ಅಂದ್ನಾ? ಕೂಗು ಅಂದೆ.”

ಅವನು ಕೂಗಲಿಲ್ಲ. ಆಗ ಹರ್ಷದ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಅಂದ, “ನಾನೂ ನೋಡಿದೆ. ಚೆನ್ನಾಗಿತ್ತು.” ಅವನು ನಮ್ಮ ಬಸ್ಸಿನಲ್ಲಿ ಹಾಜರಿ ಹೇಳಿದ್ದು ಅದೊಂದೇ ಸಲ. ನಾನೂ “ನೋಡಿದೆ” ಅಂದೆ. ಬೇರೆ ಯಾರೂ ಬಾಯಿ ಬಿಡಲಿಲ್ಲ.

ಸೀಟಿನ ಮಾತನ್ನು ಕ್ಲೈವ್ ಮತ್ತೆ ಎತ್ತಲಿಲ್ಲ. ಫೆಬ್ರವರಿಯ ಸಭೆಯಲ್ಲಿ ನಿಯಮ ಬಂತು. ವಿರುದ್ಧ ಮಾತಾಡಲು ನಾನು ಎದ್ದೆ, ಮಾತು ಬಯ್ಗುಳಕ್ಕೆ ತಿರುಗಿತು, ಕೂರಿಸಿದರು. ಥೆಲ್ಮಾ ನಿಯಮವನ್ನು ಎರಡು ಸಲ ಓದಿಸಿ ಕೇಳಿಸಿಕೊಂಡಳು. ಬಸ್ಸು ನಿಲ್ಲುವಲ್ಲಿಂದ ಮೂತಿಯವರೆಗೆ ಎರಡು ಮೈಲಿಯನ್ನು ಯಾರ ಹೆಗಲೂ ಇಲ್ಲದೆ ಸ್ವಂತ ಕಾಲಿನಲ್ಲಿ ನಡೆಯಲಾರದ ಸದಸ್ಯರನ್ನು ಕಡಲ ಪ್ರವಾಸಕ್ಕೆ ಕರೆದೊಯ್ಯತಕ್ಕದ್ದಲ್ಲ. ಕೈಯೆತ್ತಿದವರೇ ಹೆಚ್ಚಾದರು.

ಆ ವರ್ಷವಿಡೀ ಬೆಳಿಗ್ಗೆ ಅವಳು ಸೂಪರ್‌ಮಾರ್ಕೆಟ್ಟಿಗೆ ಹೋದಳು. ನಮ್ಮ ಕಾರ್ಖಾನೆ ಕೆಡವಿ ಕಟ್ಟಿದ ಅಂಗಡಿ ಅದು. ತಳ್ಳುಗಾಡಿ ಹಿಡಿದು ಸೋಪಿನ ಸಾಲಿನಿಂದ ಬ್ರೆಡ್ಡಿನ ಸಾಲಿಗೆ, ಬ್ರೆಡ್ಡಿನಿಂದ ನಾಯಿಬಿಸ್ಕತ್ತಿಗೆ. ಒಂದು ಡಬ್ಬಿ ಬೀನ್ಸು ಗಾಡಿಯಲ್ಲಿಟ್ಟು ಸುತ್ತುವಳು, ಹೊರಡುವಾಗ ಅದನ್ನು ವಾಪಸ್ಸು ಇಟ್ಟುಬರುವಳು. ಬೇಸಿಗೆಯ ಹೊತ್ತಿಗೆ ಗಾಡಿ ಬಿಟ್ಟಳು, ಎರಡು ಕೋಲು ಹಿಡಿದಳು. ಶರತ್ಕಾಲಕ್ಕೆ ಊರಾಚೆಯ ಕಲ್ಲುಕ್ವಾರಿಯಲ್ಲಿ ಜಲ್ಲಿಯ ಮೇಲೆ ನಡೆದಳು. ನಾನು ಜೊತೆಗಿದ್ದೆ. ಬಿದ್ದಳು, ಎದ್ದಳು, ನನಗೇ ಬೈದಳು. ಔಷಧ ಹಿಡಿದಿರುವ ಹೊತ್ತು ಯಾವುದು, ಇಳಿಯುವ ಹೊತ್ತು ಯಾವುದು ಎಂದು ಕಂಡುಕೊಂಡಳು. ರೋಗ ಇಳಿಯಲಿಲ್ಲ, ಅವಳೂ ಇಳಿಯಲಿಲ್ಲ.

ಜನವರಿ ಬಂತು. ಬಸ್ಸಿನ ಬಾಗಿಲಲ್ಲಿ ಕ್ಲೈವ್ ನಿಂತಿದ್ದ.

“ಥೆಲ್ಮಾ, ಹೀಗೆ ಮಾಡ್ಬೇಡ. ಎಲ್ರ ಮುಂದೆ ನನಗೆ ಹೇಳೋಕೆ ಕಷ್ಟವಾಗತ್ತೆ.”

“ಹಾಗಾದ್ರೆ ಹೇಳ್ಬೇಡ. ನಡೀತೀನಿ.”

“ಎರಡು ಮೈಲಿ?”

“ಬರೆದಿರೋದು ಅಷ್ಟೇ ತಾನೇ?”

ಅವನು ಪಕ್ಕಕ್ಕೆ ಸರಿದ. ಬೇಡವೆನ್ನಲು ಅವನ ಹತ್ತಿರ ನಿಯಮ ಬಿಟ್ಟು ಬೇರೇನೂ ಇರಲಿಲ್ಲ, ಇವಳು ನಿಯಮವನ್ನೇ ಹಿಡಿದುಕೊಂಡು ಬಂದಿದ್ದಳು. ನಡೆಯಲಾಗದಿದ್ದರೆ ಇದೇ ಕೊನೆಯ ಪ್ರವಾಸ ಎಂಬುದು ಇಬ್ಬರಿಗೂ ಗೊತ್ತಿತ್ತು.

ತೀರ ತಲುಪಿದ ಕೂಡಲೇ ಉಳಿದವರು ಜೌಗಿನ ಕಡೆಗೆ ಹೋದರು. ಅವರು ಮೂತಿಗೆ ಹೊರಡುವುದು ಮಧ್ಯಾಹ್ನ. ಥೆಲ್ಮಾ ಒಂದು ಮಾತ್ರೆ ನುಂಗಿ, ಎರಡು ಕೋಲು ಊರಿ, ನೆಟ್ಟಗೆ ದಂಡೆ ಹತ್ತಿದಳು. ಹಿಂದೆ ನಾನು. ಸ್ಟೂಲು ಹಿಡಿದು ಹರ್ಷದ್, ಕಾರ್ಡಿಗನ್ ಮೇಲೆ ಕಾರ್ಡಿಗನ್ ಹಾಕಿಕೊಂಡು, ನಮ್ಮನ್ನೂ ಕಡಲನ್ನೂ ಹಕ್ಕಿ ಕುಲವನ್ನೂ ಶಪಿಸುತ್ತ.

ಹೆಜ್ಜೆಗೊಂದು ಕಲ್ಲು ಜಾರಿತು. ಇಪ್ಪತ್ತು ಹೆಜ್ಜೆಗೊಮ್ಮೆ, ಮೂವತ್ತು ಹೆಜ್ಜೆಗೊಮ್ಮೆ ಪಾದ ಅಂಟಿಕೊಂಡಿತು. ನಾನು ಮುಂದೆ ಬಂದು ನನ್ನ ಕೋಲು ಅಡ್ಡ ಹಿಡಿದೆ, ಅವಳು ದಾಟಿದಳು. ಮತ್ತೆ ಅಂಟಿತು, ಮತ್ತೆ ಅಡ್ಡ ಹಿಡಿದೆ. ಮುಟ್ಟಲು ಬಿಡಲಿಲ್ಲ. ಒಮ್ಮೆ ಹರ್ಷದ್ ತೋಳು ಹಿಡಿಯಲು ಹೋದ.

“ಕೈ ತೆಗಿ. ಹೆಗಲು ಕೊಟ್ರೆ ಲೆಕ್ಕಕ್ಕಿಲ್ಲ.”

“ಇಲ್ಲಿ ಯಾರು ನೋಡ್ತಾರೆ, ಥೆಲ್ಮಾಬೆನ್?”

“ನಾನು ನೋಡ್ತೀನಲ್ಲ.”

ಸ್ಟೂಲು ಹಾಕಿ ಕೂತಳು, ಎದ್ದಳು. ಒಮ್ಮೆ ಪಕ್ಕಕ್ಕೆ ವಾಲಿ ಕಲ್ಲಿನ ಮೇಲೆ ಬಿದ್ದಳು. ಎತ್ತಲು ಬಗ್ಗಿದ ನಮ್ಮಿಬ್ಬರನ್ನೂ ಕೋಲಿನಿಂದ ದೂರವಿಟ್ಟು, ಮಂಡಿಯೂರಿ, ಹಲ್ಲು ಕಚ್ಚಿ ತಾನೇ ಎದ್ದಳು. ಗಲ್ಲ ತರಚಿ ರಕ್ತ ಬಂದಿತ್ತು. ನನಗೆ ಅಳು ಬಂತು. “ಸಾಕು ಕಣೇ, ಯಾರಿಗೆ ತೋರಿಸ್ಬೇಕು ಇದನ್ನ,” ಅಂದೆ.

“ಯಾರಿಗೂ ಇಲ್ಲ. ನನಗೆ ಸಂಜೆ ಮೂತಿ ಮೇಲೆ ಹಾರಿಬರೋ ಆ ಹೆಬ್ಬಾತುಗಳು ಬೇಕು. ಇನ್ನೂ ಬದುಕಿದೀನಿ, ನನಗೆ ಬೇಕು.”

ಮಧ್ಯಾಹ್ನ ಸಂಘದವರು ನಮ್ಮನ್ನು ದಾಟಿ ಹೋದರು. ಕೆಲವರು ಕಣ್ಣು ತಪ್ಪಿಸಿದರು. ಹೋದ ವರ್ಷ ಅತ್ತಿದ್ದಾಕೆ ನಿಂತು ತನ್ನ ಚಾಕೊಲೇಟು ಅವಳ ಜೇಬಿಗೆ ತುರುಕಿ ಹೋದಳು. ಕ್ಲೈವ್ ಸ್ವಲ್ಪ ದೂರ ಜೊತೆಗೇ ನಡೆದ, ಏನೋ ಹೇಳಲು ಬಾಯಿ ತೆರೆದ, ಅವಳ ಗಲ್ಲದ ರಕ್ತ ನೋಡಿ ಮುಚ್ಚಿದ, ಮುಂದೆ ಹೋದ.

ಬಿಸಿಲು ಬಣ್ಣ ಕಳೆದುಕೊಳ್ಳುವ ಹೊತ್ತಿಗೆ ಮೂತಿ ಕಂಡಿತು. ಎಲ್ಲರೂ ಕಡಲಿಗೆ ಬೆನ್ನು ಹಾಕಿ ನಮ್ಮ ಕಡೆಗೇ ನೋಡುತ್ತ ನಿಂತಿದ್ದರು. ಕೊನೆಯ ಕಲ್ಲುಗುಡ್ಡೆಯ ಹತ್ತಿರ ಅವಳ ಕಾಲು ಮತ್ತೆ ಅಂಟಿತು. ನಾನು ಮುಂದೆ ಬರುವಷ್ಟರಲ್ಲಿ ಕ್ಲೈವ್ ಓಡಿಬಂದು ತನ್ನ ಮುಕ್ಕಾಲಿ ಮಡಿಸಿ, ಬಗ್ಗಿ, ಅವಳ ಪಾದದ ಮುಂದೆ ಅಡ್ಡ ಹಿಡಿದ. ಅವಳು ಅದನ್ನು ದಾಟಿದಳು. ಮೂತಿಯ ಕೊನೆಗೆ ನೆಟ್ಟಿದ್ದ ಬಾವುಟದ ಕಂಬ ಮುಟ್ಟಿದಳು. ಹರ್ಷದ್ ಸ್ಟೂಲು ಹಾಕಿದ, ಕೂತಳು.

ಕ್ಲೈವ್ ಅವಳ ಎದುರಿಗೆ ನಿಂತ. ಅವನ ಮುಖದಲ್ಲಿ ಸಂತೋಷವೂ ಇತ್ತು, ಹಳೆಯ ಆ ಕತ್ತಲೂ ಇತ್ತು.

“ಎರಡು ಮೈಲಿ ಆಯ್ತು, ಒಪ್ಪಿದೆ. ಈಗ ವಾಪಸ್ ಹೇಗೆ ಬರ್ತೀಯ, ಥೆಲ್ಮಾ?”

“ಗೊತ್ತಿಲ್ಲ.” ಅವಳು ಚಾಕೊಲೇಟಿನ ಕಾಗದ ಹಲ್ಲಿನಿಂದ ಹರಿದಳು. “ವಾಪಸ್ ಬರೋದು ನಿನ್ನ ನಿಯಮದಲ್ಲಿಲ್ಲ.”

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಕ್ಲೈವ್ ಜೇಬಿನಿಂದ ಫೋನ್ ತೆಗೆದ.

“ತೀರದ ಕಾವಲಿನವನ ಹತ್ರ ಈಗ ಟ್ರ್ಯಾಕ್ಟರ್ ಇದೆ. ಬರೋಕೆ ಹೇಳ್ತೀನಿ.”

ದೂರದ ಹೊಲಗಳ ಮೇಲಿನಿಂದ ಮೊದಲ ಕೂಗು ಕೇಳಿಸಿತು. ಥೆಲ್ಮಾ ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ತಲೆ ಎತ್ತಿದಳು.

“ಹೆಬ್ಬಾತು ಇಳಿದ ಮೇಲೆ ಬರೋಕೆ ಹೇಳು, ಡಕ್. ಸದ್ದಿಗೆ ಹೆದರ್ತಾವೆ.”